ಪ್ರಾರ್ಥನೆಯಿಂದ ಬದಲಾಗುವವರು ಯಾರು?

ಪ್ರಾರ್ಥನೆಯೆಂದರೆ ಮನುಷ್ಯನು ಭಗವಂತನ ಮುಂದಿಡುವ ಬೇಡಿಕೆಯೆಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಭಗವಂತನು ಸರ್ವಜ್ಞನೆಂದು ಒಪ್ಪಿದ ಮೇಲೆ ಈ ತಿಳಿವಳಿಕೆಯಲ್ಲಿ ಒಂದು ತೊಡಕು ತಾನಾಗಿಯೇ ತಲೆದೋರುತ್ತದೆ. ನಮಗೆ ಬೇಕಾದುದು ಯಾವುದೆಂಬುದನ್ನು ಅವನು ನಮಗಿಂತ ಮೊದಲೇ ಬಲ್ಲನು. ಹಾಗಿರುವಾಗ ಬಾಯಿಬಿಟ್ಟು ಹೇಳುವುದೇಕೆ? ಒಮ್ಮೆ ಹೇಳಿದ್ದನ್ನೇ ದಿನದಿನವೂ, ಗೊತ್ತಾದ ವೇಳೆಯಲ್ಲಿ, ಗೊತ್ತಾದ ಮಾತುಗಳಲ್ಲಿ ಮತ್ತೆ ಮತ್ತೆ ಹೇಳುವುದರಿಂದ ಆಗುವ ಪ್ರಯೋಜನವಾದರೂ ಏನು? ನಿತ್ಯವಿಧಿಗಳು ನಡೆಯುವ ಮನೆಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಮನೆಯ ಕಿರಿಯರು ಇದನ್ನು ಕೇಳುತ್ತಲೇ ಇರುತ್ತಾರೆ. ಹಿರಿಯರು ಒಮ್ಮೊಮ್ಮೆ ಉತ್ತರಿಸುತ್ತಾರೆ, ಒಮ್ಮೊಮ್ಮೆ ಗದರಿಸಿ ಸುಮ್ಮನಾಗಿಸುತ್ತಾರೆ. ಕ್ರೈಸ್ತರಲ್ಲಿಯೂ ಈ ಜಿಜ್ಞಾಸೆ ಶತಮಾನಗಳಿಂದ ನಡೆದುಬಂದಿದೆ. ಅವರು ಅದಕ್ಕೆ ಕೊಟ್ಟುಕೊಂಡ ಉತ್ತರವನ್ನೂ, ಆ ಉತ್ತರವನ್ನು ಕಠಿಣವಾಗಿ ಪರೀಕ್ಷಿಸುವ ಒಬ್ಬ ಕ್ರೈಸ್ತನ ಜೀವನವನ್ನೂ ಪ್ರಕೃತ ಲೇಖನದಲ್ಲಿ ವಿವೇಚಿಸೋಣ.

ಕ್ರೈಸ್ತಮತದಲ್ಲಿ ನಿಯತಕಾಲದ ಪ್ರಾರ್ಥನೆಗೆ ದೀರ್ಘವಾದ ಪರಂಪರೆಯಿದೆ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠವಾಸಿಗಳಿಗೆ ವಿಧಿಸಿದ ನಿಯಮಾವಳಿಯಲ್ಲಿ ಹಗಲು ಏಳು ಬಾರಿ, ರಾತ್ರಿ ಒಂದು ಬಾರಿ ಕೂಡಿ ಪ್ರಾರ್ಥಿಸಬೇಕೆಂಬ ಕಟ್ಟಳೆಯಿದೆ. ಸಾವಿರ ವರ್ಷಗಳ ತರುವಾಯ, ಇಂಗ್ಲೆಂಡಿನ ಚರ್ಚು ಮಠಗಳ ಈ ಕ್ರಮವನ್ನು ಗೃಹಸ್ಥರಿಗೂ ಒಗ್ಗುವಂತೆ ಸಂಕ್ಷೇಪಿಸಿ, ಪ್ರಾತಃಕಾಲ ಮತ್ತು ಸಾಯಂಕಾಲಗಳ ಎರಡು ಪ್ರಾರ್ಥನೆಗಳನ್ನಾಗಿ ಮಾಡಿತು. ಅವುಗಳನ್ನೊಳಗೊಂಡ ಪ್ರಾರ್ಥನಾಗ್ರಂಥವು ಮೊದಲು 1549ರಲ್ಲಿಯೂ, ಪರಿಷ್ಕೃತವಾಗಿ 1662ರಲ್ಲಿಯೂ ಪ್ರಕಟವಾಯಿತು. ಇದರ ಆರಂಭದಲ್ಲಿಯೇ ಪಾಪನಿವೇದನೆಯುಂಟು. ಮಾಡಬಾರದ್ದನ್ನು ಮಾಡಿದುದು ಮಾತ್ರವಲ್ಲ, ಮಾಡಬೇಕಾದುದನ್ನು ಮಾಡದೆ ಬಿಟ್ಟುದೂ ಅಪರಾಧವೆಂದು ಭಕ್ತನು ಅಲ್ಲಿ ಪ್ರತಿದಿನವೂ ಒಪ್ಪಿಕೊಳ್ಳುತ್ತಾನೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಚಿಕ್ಕ ಪ್ರಾರ್ಥನೆಯಂತೂ ಎಲ್ಲ ಪಂಗಡಗಳಿಗೂ ಸಮಾನ. ಅದರಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಅಲ್ಲಿನ ಬೇಡಿಕೆಗಳಲ್ಲೆಲ್ಲ ಬಹುವಚನವೇ ಇದೆ. ಏಕಾಂತದಲ್ಲಿ ಕುಳಿತು ಪ್ರಾರ್ಥಿಸುವವನೂ ‘ನಮ್ಮ’ ಎಂದೇ ಹೇಳಬೇಕು; ‘ನನ್ನ’ ಎನ್ನಲು ಅಲ್ಲಿ ಎಡೆಯಿಲ್ಲ.

ಸರ್ವಜ್ಞನಾದ ದೇವರಿಗೆ ತಿಳಿಸುವುದೇನಿದೆ ಎಂಬ ಪ್ರಶ್ನೆಗೆ ಕ್ರೈಸ್ತ ಆಚಾರ್ಯರಲ್ಲಿ ಪ್ರಮುಖನಾದ ಅಗಸ್ಟೀನನು ಐದನೆಯ ಶತಮಾನದ ಆರಂಭದಲ್ಲಿ, ಪ್ರೋಬಾ ಎಂಬ ರೋಮಿನ ವಿಧವೆಗೆ ಬರೆದ ದೀರ್ಘ ಪತ್ರದಲ್ಲಿ ಸಮಾಧಾನ ಹೇಳಿದ್ದಾನೆ. ದೇವರಿಗೆ ನಮ್ಮ ಇಚ್ಛೆಯನ್ನು ತಿಳಿಸುವುದು ಪ್ರಾರ್ಥನೆಯ ಉದ್ದೇಶವಲ್ಲ. ಅವನು ಕೊಡಲಿರುವುದು ದೊಡ್ಡದು, ಅದನ್ನು ಹಿಡಿಯಬೇಕಾದ ನಮ್ಮ ಪಾತ್ರೆ ಚಿಕ್ಕದು, ಪ್ರಾರ್ಥಿಸುತ್ತ ಪ್ರಾರ್ಥಿಸುತ್ತ ಆ ಪಾತ್ರೆ ಹಿಗ್ಗುತ್ತದೆ ಎಂಬುದು ಅವನ ವಾದದ ತಾತ್ಪರ್ಯ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಇದನ್ನೇ ತರ್ಕಬದ್ಧವಾಗಿ ಮುಂದುವರಿಸಿದನು. ದೇವರ ಸಂಕಲ್ಪವನ್ನು ಬದಲಿಸುವುದಕ್ಕಾಗಿ ಯಾರೂ ಪ್ರಾರ್ಥಿಸುವುದಿಲ್ಲ. ಪ್ರಾರ್ಥನೆಯ ಮೂಲಕವೇ ದೊರೆಯಬೇಕೆಂದು ದೇವರು ಸಂಕಲ್ಪಿಸಿರುವುದನ್ನು ಪಡೆಯುವುದಕ್ಕಾಗಿ ಪ್ರಾರ್ಥಿಸುತ್ತಾರೆ ಎಂದು ಅವನ ನಿರ್ಣಯ. ಬೀಜ ಬಿತ್ತಿದರೆ ಬೆಳೆ ಬರಬೇಕೆಂದು ಸಂಕಲ್ಪಿಸಿದವನೇ, ಬೇಡಿದರೆ ದೊರೆಯಬೇಕೆಂದೂ ಸಂಕಲ್ಪಿಸಿರಬಹುದಲ್ಲವೆ? ಇವರಿಬ್ಬರ ಮಾರ್ಗವೂ ಒಂದೆಡೆ ಕೂಡುತ್ತದೆ. ಪ್ರಾರ್ಥನೆಯಿಂದ ವಿಕಾರ ಹೊಂದತಕ್ಕವನು ದೇವರಲ್ಲ, ಪ್ರಾರ್ಥಿಸುವ ಮನುಷ್ಯ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪ್ರಾರ್ಥನೆಯಿಂದ ಮನುಷ್ಯನು ಬದಲಾಗುವುದು ನಿಜವಾದರೆ, ಅದು ಕಣ್ಣಿಗೆ ಕಾಣಬೇಕಷ್ಟೆ? ಹತ್ತಾರು ವರ್ಷ ತಪ್ಪದೆ ಪ್ರಾರ್ಥಿಸಿಯೂ ಮೊದಲಿನಂತೆಯೇ ಲೋಭಿಗಳಾಗಿ, ಕ್ರೂರಿಗಳಾಗಿ ಉಳಿದವರು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಇನ್ನು ಕೆಲವರಿಗೆ ಪ್ರಾರ್ಥನೆಯೇ ಒಂದು ಮರೆಯಾಗಿ, ತಮ್ಮ ಅನ್ಯಾಯವನ್ನು ತಾವೇ ಕಾಣದಂತೆ ಮಾಡುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದನ್ನು ಪರೀಕ್ಷಿಸಲು ಸಾತ್ತ್ವಿಕನೊಬ್ಬನ ಚರಿತ್ರೆಗಿಂತ, ಆಕ್ಷೇಪಕ್ಕೆ ತಾನೇ ಪ್ರಬಲವಾದ ನಿದರ್ಶನವಾಗಿರುವವನ ಚರಿತ್ರೆಯನ್ನೇ ತೆಗೆದುಕೊಳ್ಳುವುದು ಉಚಿತ. ಬಿ.ಎ. ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ವಿಲಿಯಂ ಕೌಪರ್ ಎಂಬ ಕವಿಯ ಹೆಸರು ಪರಿಚಿತವಾಗಿರಬಹುದು. ಆ ಕವಿಯ ಮಿತ್ರನಾಗಿದ್ದ ಜಾನ್ ನ್ಯೂಟನ್ ಎಂಬ ಪಾದ್ರಿಯೇ ಆ ವ್ಯಕ್ತಿ. ಲೋಕಪ್ರಸಿದ್ಧ ವಿಜ್ಞಾನಿಯಾದ ನ್ಯೂಟನ್ನನು ಬೇರೆ, ಇವನು ಬೇರೆ.

ಜಾನ್ ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ತಂದೆ ಹಡಗಿನ ಒಡೆಯ, ಗಂಭೀರ, ಮಿತಭಾಷಿ. ತಾಯಿ ದೈವಭಕ್ತೆ, ಮಗನು ಮುಂದೆ ಧರ್ಮಬೋಧಕನಾಗಬೇಕೆಂದು ಆಸೆಪಟ್ಟು ಎಳೆತನದಲ್ಲಿಯೇ ಶಾಸ್ತ್ರವಾಕ್ಯಗಳನ್ನು ಕಂಠಪಾಠ ಮಾಡಿಸಿದ್ದಳು. ಅವನಿಗೆ ಏಳು ತುಂಬುವ ಮೊದಲೇ ಆಕೆ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೇ ಹುಡುಗನು ಹಡಗು ಹತ್ತಿದನು. ಯೌವನದಲ್ಲಿ ಯುದ್ಧನೌಕೆಗೆ ಬಲಾತ್ಕಾರವಾಗಿ ಸೇರಿಸಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು ಛಡಿಯೇಟು ತಿಂದನು. ಬಳಿಕ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಬಳಿ ಸೇರಿ, ತಾನೇ ಗುಲಾಮನಿಗಿಂತ ಕಡೆಯಾಗಿ, ಹಸಿವಿನಿಂದಲೂ ಜ್ವರದಿಂದಲೂ ಬಳಲಿದನು. ದೇವನಿಂದೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒರಟು ನಾವಿಕರೇ ಅವನ ಮಾತಿಗೆ ಬೆಚ್ಚುತ್ತಿದ್ದರಂತೆ.

1748ರ ಮಾರ್ಚ್ ತಿಂಗಳಲ್ಲಿ, ಸ್ವದೇಶಕ್ಕೆ ಮರಳುತ್ತಿದ್ದ ‘ಗ್ರೇಹೌಂಡ್’ ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಭಯಂಕರ ಬಿರುಗಾಳಿಗೆ ಸಿಕ್ಕಿತು. ಹಡಗಿನ ಪಕ್ಕ ಒಡೆದು ನೀರು ನುಗ್ಗಿತು. ಸರಕಿನಲ್ಲಿ ಬಹುಪಾಲು ಜೇನುಮೇಣವೂ ಮರವೂ ಇದ್ದುದರಿಂದ ಹಡಗು ಹೇಗೋ ತೇಲುತ್ತಿತ್ತು. ಗಂಟೆಗಟ್ಟಲೆ ನೀರೆತ್ತುತ್ತಿದ್ದ ನ್ಯೂಟನ್ನನ ಬಾಯಿಂದ, ಆಲೋಚನೆಯಿಲ್ಲದೆಯೇ, ದೇವರ ದಯೆಯನ್ನು ಕೋರುವ ಮಾತೊಂದು ಹೊರಟಿತು. ತನ್ನ ಮಾತಿಗೆ ತಾನೇ ಬೆರಗಾಗಿ ಅವನು ಯೋಚಿಸತೊಡಗಿದನು. ಹಡಗು ಕೆಲವು ವಾರಗಳ ಅನಂತರ ಐರ್ಲೆಂಡಿನ ದಡ ಸೇರಿತು. ಆ ದಿನವನ್ನು ಅವನು ವರ್ಷವರ್ಷವೂ ಪ್ರಾರ್ಥನೆಯಿಂದ ಸ್ಮರಿಸಿಕೊಳ್ಳುತ್ತ ಬಂದನು.

ಕಥೆ ಇಲ್ಲಿಗೆ ಮುಗಿದಿದ್ದರೆ ಹರಿಕಥೆ ಮಾಡುವವರಿಗೆ ಅನುಕೂಲವಾಗುತ್ತಿತ್ತು. ಆದರೆ ವಿಚಾರಕ್ಕೆ ಯೋಗ್ಯವಾದ ಭಾಗವು ಪ್ರಾರಂಭವಾಗುವುದೇ ಇಲ್ಲಿಂದ. ಬಿರುಗಾಳಿಯಿಂದ ಉಳಿದ ನ್ಯೂಟನ್ನನು ಗುಲಾಮರನ್ನು ಸಾಗಿಸುವ ಹಡಗಿನಲ್ಲಿಯೇ ಮತ್ತೆ ಉದ್ಯೋಗಕ್ಕೆ ಸೇರಿದನು. 1750ರಿಂದ 1754ರ ವರೆಗೆ ಅಂಥ ಹಡಗುಗಳ ಕಪ್ತಾನನಾಗಿ ಮೂರು ಯಾತ್ರೆಗಳನ್ನು ಮಾಡಿದನು. ಆಫ್ರಿಕದಲ್ಲಿ ಸ್ತ್ರೀಪುರುಷರನ್ನೂ ಮಕ್ಕಳನ್ನೂ ಕೊಂಡು, ಸಂಕೋಲೆ ತೊಡಿಸಿ, ಹಡಗಿನ ಒಡಲಿನಲ್ಲಿ ಒತ್ತೊತ್ತಾಗಿ ಮಲಗಿಸಿ, ಸಾಗರದಾಚೆಯ ಕಬ್ಬಿನ ತೋಟಗಳ ಒಡೆಯರಿಗೆ ಮಾರುವುದೇ ಅವನ ಕೆಲಸ. ಸುಮಾರು ಮೂರೂವರೆ ಶತಮಾನಗಳ ಕಾಲ ನಡೆದ ಈ ವ್ಯಾಪಾರದಲ್ಲಿ ಯುರೋಪಿನ ಮತ್ತು ಅಮೆರಿಕದ ಹಡಗುಗಳು ಒಟ್ಟು 1 ಕೋಟಿ 25 ಲಕ್ಷದಷ್ಟು ಆಫ್ರಿಕನರನ್ನು ಹೊತ್ತೊಯ್ದುವೆಂದೂ, ಅವರಲ್ಲಿ ಹದಿನೆಂಟು ಲಕ್ಷದಷ್ಟು ಮಂದಿ ದಾರಿಯಲ್ಲಿಯೇ ಸತ್ತರೆಂದೂ ಇತಿಹಾಸಕಾರರು ಅಂದಾಜು ಮಾಡಿದ್ದಾರೆ.

ಈ ಯಾತ್ರೆಗಳಲ್ಲಿ ನ್ಯೂಟನ್ನನು ಪ್ರಾರ್ಥನೆಯನ್ನು ಬಿಟ್ಟಿರಲಿಲ್ಲ, ಹೆಚ್ಚಿಸಿಯೇ ಇದ್ದನು. ಭಾನುವಾರಗಳಲ್ಲಿ ನಾವಿಕರನ್ನು ಸೇರಿಸಿ, ಚರ್ಚಿನ ವಿಧಿಯಂತೆ ಎರಡು ಬಾರಿ ಪ್ರಾರ್ಥನೆ ನಡೆಸುತ್ತಿದ್ದನು. ಧ್ಯಾನ, ಅಧ್ಯಯನ, ನಿದ್ರೆಗಳಿಗೆ ಗಂಟೆಗಳನ್ನು ಹಂಚಿಕೊಂಡಿದ್ದನು. ಆತ್ಮಪರೀಕ್ಷೆಗಾಗಿ 1751ರಲ್ಲಿ ದಿನಚರಿಯೊಂದನ್ನು ಪ್ರಾರಂಭಿಸಿದನು. ಅದೇ ಮನುಷ್ಯನು ಬರೆದಿಟ್ಟ ಹಡಗಿನ ದಾಖಲೆಯಲ್ಲಿ, 1752ರಲ್ಲಿ ದಂಗೆಯ ಶಂಕೆ ಬಂದಾಗ ಸೆರೆಯಾಳುಗಳಾದ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಯಂತ್ರಕ್ಕೆ ಸಿಕ್ಕಿಸಿ ನಿಜ ಹೊರಡಿಸಲು ಯತ್ನಿಸಿದ ಸಂಗತಿಯೂ ಇದೆ. ಮೇಲಟ್ಟದಲ್ಲಿ ‘ನಮ್ಮ’ ಎಂಬ ಪ್ರಾರ್ಥನೆ. ಕೆಳಗೆ, ಒಂದು ಹಲಗೆಯ ಅಂತರದಲ್ಲಿ, ಆ ‘ನಮ್ಮ’ ಎಂಬುದರೊಳಗೆ ಸೇರದ ನೂರಾರು ಮನುಷ್ಯರು. ಪೂರ್ವಪಕ್ಷಿಗೆ ಇದಕ್ಕಿಂತ ಬಲವಾದ ದೃಷ್ಟಾಂತ ಬೇಕೆ?

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. 1754ರಲ್ಲಿ ಅವನು ಸಮುದ್ರವನ್ನು ಬಿಟ್ಟುದು ವಿವೇಕೋದಯದಿಂದಲ್ಲ. ನಾಲ್ಕನೆಯ ಯಾತ್ರೆಗೆ ಹೊರಡಲಿದ್ದಾಗ ಅಕಸ್ಮಾತ್ತಾಗಿ ಪ್ರಜ್ಞೆ ತಪ್ಪಿ ಬಿದ್ದು, ವೈದ್ಯರ ಸಲಹೆಯ ಮೇರೆಗೆ ಬಿಟ್ಟನು. ಲಿವರ್‌ಪೂಲಿನ ಬಂದರಿನಲ್ಲಿ ಸುಂಕದ ಇಲಾಖೆಯ ಅಧಿಕಾರಿಯಾಗಿ ಕೆಲವು ವರ್ಷ ಕೆಲಸ ಮಾಡಿ, 1764ರಲ್ಲಿ ಪಾದ್ರಿಯಾಗಿ ಓಲ್ನಿ ಎಂಬ ಸಣ್ಣ ಊರಿಗೆ ಬಂದನು. ಅದೇ ವರ್ಷ ಪ್ರಕಟವಾದ ಆತ್ಮವೃತ್ತಾಂತದಲ್ಲಿ ತನ್ನ ದೇವನಿಂದೆಯ ವಿಷಯವಾಗಿ ಪಶ್ಚಾತ್ತಾಪವಿದೆ. ಗುಲಾಮ ವ್ಯಾಪಾರವು ಅಧರ್ಮವೆಂಬ ಶಂಕೆ ಆಗ ತನಗೆ ಬಂದೇ ಇರಲಿಲ್ಲವೆಂಬ ಹೇಳಿಕೆಯೂ ಇದೆ. ಆದರೆ ಅದೇ ಪುಸ್ತಕದಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಅವನು ದಾಖಲಿಸಿದ್ದಾನೆ. ಸದಾ ಸಂಕೋಲೆ ಬೀಗಗಳ ನಡುವೆ ಕಾವಲುಗಾರನಂತೆ ಬಾಳುವ ಆ ಉದ್ಯೋಗವು ತನಗೆ ಹೇಸಿಗೆಯನ್ನುಂಟುಮಾಡುತ್ತಿದ್ದುದರಿಂದ, ಹೆಚ್ಚು ಮಾನವೀಯವಾದ ವೃತ್ತಿಯೊಂದನ್ನು ಕರುಣಿಸಬೇಕೆಂದು ತಾನು ದೇವರನ್ನು ಅನೇಕ ಸಲ ಬೇಡಿಕೊಂಡಿದ್ದೆನೆಂದು ಅವನು ಬರೆಯುತ್ತಾನೆ.

ಈ ಸಂಗತಿಯನ್ನು ನಿಧಾನಿಸಿ ನೋಡಬೇಕು. ಆ ವ್ಯಾಪಾರವು ತಪ್ಪೆಂದು ಅವನ ಬುದ್ಧಿ ಒಪ್ಪಿರಲಿಲ್ಲ. ಸುತ್ತಲಿನ ಸಮಾಜವು ಅದನ್ನು ಗೌರವದ ಉದ್ಯೋಗವೆಂದೇ ತಿಳಿದಿತ್ತು, ಕಾನೂನಿನ ಬೆಂಬಲವಿತ್ತು. ಹೀಗಿದ್ದರೂ ಅವನ ಪ್ರಾರ್ಥನೆಯಲ್ಲಿ ಮಾತ್ರ ಅದರಿಂದ ಬಿಡುಗಡೆಯ ಬೇಡಿಕೆ ಹೊರಟಿತು. ಲೋಕದ ಮುಂದೆ ನಿಂತಾಗ ನಾವು ಲೋಕವು ಒಪ್ಪುವ ಕಾರಣಗಳನ್ನು ಹೇಳುತ್ತೇವೆ. ನಮ್ಮ ಮುಂದೆ ನಾವೇ ನಿಂತಾಗಲೂ ಬಹಳ ವೇಳೆ ಅವನ್ನೇ ಹೇಳಿಕೊಳ್ಳುತ್ತೇವೆ. ಎಲ್ಲವನ್ನೂ ಬಲ್ಲವನ ಮುಂದೆ ನಿಂತಿದ್ದೇನೆಂಬ ಭಾವನೆಯಲ್ಲಿ ಆ ಕಾರಣಗಳು ಸಡಿಲವಾಗುತ್ತವೆ. ಬುದ್ಧಿಗೆ ಇನ್ನೂ ಸ್ಪಷ್ಟವಾಗದ ಸತ್ಯವು ಆಗ ಬೇಡಿಕೆಯ ರೂಪದಲ್ಲಿ ತುಟಿಗೆ ಬರುತ್ತದೆ. ಸರ್ವಜ್ಞನಿಗೆ ಹೇಳುವುದೇಕೆಂಬ ಮೊದಲ ಪ್ರಶ್ನೆಗೆ ಇಲ್ಲಿಯೇ ಒಂದು ಉತ್ತರವಿದೆ. ಅವನು ಬಲ್ಲನೆಂಬುದರಿಂದಲೇ ಅವನೆದುರು ಸುಳ್ಳು ಹೇಳುವುದು ವ್ಯರ್ಥ. ಆದ್ದರಿಂದ ಹೇಳುವವನಿಗೆ ತನ್ನ ನಿಜವೇ ಕೇಳಿಸತೊಡಗುತ್ತದೆ.

ಕೇಳಿಸಿದ ನಿಜವು ಕಾರ್ಯಕ್ಕೆ ಇಳಿಯಲು ಎಷ್ಟು ಕಾಲ ಬೇಕು? ನ್ಯೂಟನ್ನನಿಗೆ ಸಮುದ್ರ ಬಿಟ್ಟ ಮೇಲೆಯೂ 34 ವರ್ಷಗಳು ಬೇಕಾದವು. ಈ ಅವಧಿಯಲ್ಲಿ ಅವನೇನು ಸುಮ್ಮನಿರಲಿಲ್ಲ. ಓಲ್ನಿಯ ಬಡ ಲೇಸು ನೇಯುವವರಿಗೆ ಬೋಧಿಸಿದನು. ವಾರದ ಪ್ರಾರ್ಥನಾಕೂಟಗಳನ್ನು ನಡೆಸಿದನು. ಇಂದು ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಎಂಬ ಸ್ತೋತ್ರವನ್ನು 1773ರ ಹೊಸವರ್ಷದ ದಿನದ ಉಪದೇಶಕ್ಕಾಗಿ ರಚಿಸಿದನು. ಅದೇ ವರ್ಷ ಕವಿ ಕೌಪರನಿಗೆ ಚಿತ್ತವಿಭ್ರಮೆ ಉಂಟಾಗಿ, ದೇವರು ತನ್ನನ್ನು ಎಂದೆಂದಿಗೂ ತ್ಯಜಿಸಿದ್ದಾನೆಂಬ ಭ್ರಾಂತಿ ಹಿಡಿಯಿತು. ನ್ಯೂಟನ್ನನು ಅವನನ್ನು ಒಂದು ವರ್ಷಕ್ಕೂ ಮಿಕ್ಕಿ ತನ್ನ ಮನೆಯಲ್ಲಿರಿಸಿಕೊಂಡು ಕಾಪಾಡಿದನು. ಅವನಿಗಾಗಿ ಎಷ್ಟು ಪ್ರಾರ್ಥಿಸಿದರೂ ಆ ಭ್ರಾಂತಿ ಪೂರ್ಣವಾಗಿ ಹೋಗಲಿಲ್ಲ. ಕೌಪರನು 1800ರಲ್ಲಿ ಅದೇ ನಿರಾಶೆಯಲ್ಲಿ ತೀರಿಕೊಂಡನು. ಬೇಡಿದ್ದು ದೊರೆಯಲಿಲ್ಲ. ಹಿಂದೆ ಮನುಷ್ಯರನ್ನು ಸರಕಾಗಿ ಕಂಡ ಕಪ್ತಾನನು, ಕೈಲಾಗದ ಒಬ್ಬ ರೋಗಿಯನ್ನು ತಿಂಗಳುಗಟ್ಟಲೆ ಬೇಸರವಿಲ್ಲದೆ ನೋಡಿಕೊಳ್ಳುವವನಾಗಿದ್ದನೆಂಬುದು ಮಾತ್ರ ನಿಜ.

1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣ ಪಾರ್ಲಿಮೆಂಟು ಸದಸ್ಯನು, ರಾಜಕೀಯವನ್ನು ತೊರೆದು ಧರ್ಮಕ್ಕೆ ಮುಡಿಪಾಗಲೇ ಎಂದು ಕೇಳಲು ಗುಟ್ಟಾಗಿ ನ್ಯೂಟನ್ನನ ಬಳಿಗೆ ಬಂದನು. ಆಗ ಲಂಡನ್ನಿನಲ್ಲಿ ಪಾದ್ರಿಯಾಗಿದ್ದ ನ್ಯೂಟನ್ನನು, ಇದ್ದ ಸ್ಥಾನದಲ್ಲಿಯೇ ಇದ್ದು ಸೇವೆ ಸಲ್ಲಿಸುವಂತೆ ಬುದ್ಧಿ ಹೇಳಿದನು. ಮುಂದೆ ಗುಲಾಮ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಇಪ್ಪತ್ತು ವರ್ಷ ಹೋರಾಡಿದವನು ಈ ವಿಲ್ಬರ್‌ಫೋರ್ಸನೇ. 1788ರಲ್ಲಿ, ತನ್ನ ಅರವತ್ತಮೂರನೆಯ ವಯಸ್ಸಿನ ಸುಮಾರಿಗೆ, ನ್ಯೂಟನ್ನನು ಆಫ್ರಿಕದ ಗುಲಾಮ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ತನ್ನ ಒಪ್ಪಿಗೆ ಬಹಳ ತಡವಾಗಿ ಬಂತೆಂದೂ, ಒಂದು ಕಾಲದಲ್ಲಿ ತಾನೇ ಆ ಕೃತ್ಯದ ಸಾಧನವಾಗಿದ್ದುದನ್ನು ನೆನೆದರೆ ಎದೆ ನಡುಗುವುದೆಂದೂ ಅದರಲ್ಲಿ ಒಪ್ಪಿಕೊಂಡನು. ಹಡಗಿನೊಳಗೆ ತಾನು ಕಂಡುದನ್ನು ಬಿಚ್ಚಿಟ್ಟನು. ಸರಕಾರದ ವಿಚಾರಣೆಯಲ್ಲಿಯೂ ಸಾಕ್ಷ್ಯ ನುಡಿದನು. 1807ರ ಮಾರ್ಚಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಕಣ್ಣು ಮಂಜಾಗಿದ್ದ ವೃದ್ಧನು ಅದನ್ನು ಕೇಳಿ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು.

ಪೂರ್ವಪಕ್ಷಿಯು ಇಲ್ಲಿಗೂ ಸುಮ್ಮನಾಗಲಾರನು. ನ್ಯೂಟನ್ನನನ್ನು ಬದಲಿಸಿದುದು ಪ್ರಾರ್ಥನೆಯಲ್ಲ, ಕಾಲದ ಪ್ರವಾಹ ಎಂದು ಅವನು ಹೇಳಬಹುದು. ಇದರಲ್ಲಿ ಸತ್ಯಾಂಶವುಂಟು. ಕ್ವೇಕರ್ ಪಂಗಡದವರು 1783ರಲ್ಲಿಯೇ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ್ದರು. ಜಾನ್ ವೆಸ್ಲಿಯು 1774ರಲ್ಲಿಯೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದನು. ಗುಲಾಮನಾಗಿದ್ದು ಬಿಡುಗಡೆ ಪಡೆದ ಒಲಾಡಾ ಇಕ್ವಿಯಾನೊ ಎಂಬ ಆಫ್ರಿಕನನು ಸ್ವತಃ ಹೋರಾಟದಲ್ಲಿದ್ದನು. 1789ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಇವರ ದನಿಗಳು ಹೊರಗಿನಿಂದ ಬಾರದಿದ್ದರೆ ನ್ಯೂಟನ್ನನ ಪ್ರಾರ್ಥನೆಯೊಂದೇ ಅವನನ್ನು ಅಲ್ಲಿಗೆ ಮುಟ್ಟಿಸುತ್ತಿತ್ತೇ ಎಂಬುದು ಸಂದೇಹಾಸ್ಪದವೇ. ಆದುದರಿಂದ ಪ್ರಾರ್ಥನೆಯೊಂದೇ ಸಾಕಾದ ಕಾರಣವೆಂದು ನಾವು ಸಾಧಿಸಹೊರಟಿಲ್ಲ. ಆದರೆ ಅದೇ ದನಿಗಳು ಆ ವ್ಯಾಪಾರದಲ್ಲಿದ್ದ ಇತರ ಕಪ್ತಾನರ ಕಿವಿಗೂ ಬಿದ್ದುವು. ಅವರಲ್ಲಿ ಎದ್ದುನಿಂತು ‘ನಾನು ಮಾಡಿದೆ’ ಎಂದವರು ತೀರ ವಿರಳ. ಗೌರವಾನ್ವಿತನಾದ ವೃದ್ಧ ಪಾದ್ರಿಗೆ ತನ್ನ ಹಳೆಯ ಕಥೆಯನ್ನು ಮುಚ್ಚಿಡುವುದು ಬಹಳ ಸುಲಭವಾಗಿತ್ತು. ಪ್ರತಿದಿನವೂ, ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ದೇವರೆದುರು ಒಪ್ಪಿಕೊಂಡು ನಾಲ್ವತ್ತು ವರ್ಷ ಅಭ್ಯಾಸವಾದವನಿಗೆ, ಅದೇ ಒಪ್ಪಿಗೆಯನ್ನು ಒಂದು ದಿನ ಲೋಕದೆದುರು ಹೇಳುವ ಶಕ್ತಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಬೀಜವನ್ನು ಬಿತ್ತಿದವರು ಇತರರು. ಪ್ರಾರ್ಥನೆಯು ನೆಲವನ್ನು ಹದಮಾಡಿತ್ತು.

ನಿಯತವಾದ ಪ್ರಾರ್ಥನೆಗೂ ಆಪತ್ಕಾಲದ ಪ್ರಾರ್ಥನೆಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಬಿರುಗಾಳಿಯಲ್ಲಿ ಪ್ರಾರ್ಥಿಸಲು ವಿಶೇಷ ಸಾಧನೆಯೇನೂ ಬೇಡ, ಭಯವೇ ಪ್ರಾರ್ಥಿಸಿಬಿಡುತ್ತದೆ. ಬಿರುಗಾಳಿ ನಿಂತ ಮಾರನೆಯ ದಿನ, ಮನಸ್ಸು ಒಣಗಿದ್ದಾಗ, ಮಾತುಗಳು ರುಚಿಸದಿದ್ದಾಗ ಅದೇ ವೇಳೆಗೆ ಕುಳಿತುಕೊಳ್ಳುವುದೇ ಸಾಧನೆ. ಪ್ಯಾರಿಸ್ಸಿನ ಮಠವೊಂದರಲ್ಲಿ ಹದಿನೇಳನೆಯ ಶತಮಾನದಲ್ಲಿದ್ದ ಸಹೋದರ ಲಾರೆನ್ಸ್ ಎಂಬಾತನು ಇದಕ್ಕೆ ಇನ್ನೊಂದು ಸಾಕ್ಷಿ. ಅವನು ಮೊದಲು ಸಿಪಾಯಿ, ಗಾಯಗೊಂಡು ಕುಂಟಾದವನು. ಮಠದಲ್ಲಿ ಅವನಿಗೆ ದೊರೆತುದು ಅಡುಗೆಮನೆಯ ಕೆಲಸ. ಅದು ಅವನಿಗೆ ಸ್ವಭಾವತಃ ಇಷ್ಟವಿರಲಿಲ್ಲ. ಮೊದಲ ಹತ್ತು ವರ್ಷ ಪ್ರಾರ್ಥನೆಯಲ್ಲಿ ಬಹಳ ಸಂಕಟಪಟ್ಟೆನೆಂದು ಅವನು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಕ್ರಮೇಣ ಪಾತ್ರೆಗಳ ಸದ್ದಿನ ನಡುವೆಯೂ, ಪ್ರಾರ್ಥನೆಯ ವೇಳೆಗೂ ಕೆಲಸದ ವೇಳೆಗೂ ಭೇದವಿಲ್ಲದಂತೆ ದೇವರ ಸಾನ್ನಿಧ್ಯದಲ್ಲಿರುವುದು ಅವನಿಗೆ ಸಾಧ್ಯವಾಯಿತು. ಅವನು 1691ರಲ್ಲಿ ತೀರಿಕೊಂಡ ಮೇಲೆ ಆ ಪತ್ರಗಳೂ ಸಂಭಾಷಣೆಗಳೂ ಪ್ರಕಟವಾದವು. ನ್ಯೂಟನ್ನನಿಗೂ ಲಾರೆನ್ಸನಿಗೂ ಸ್ವಭಾವದಲ್ಲಿ ಹೋಲಿಕೆಯಿಲ್ಲ. ಒಬ್ಬನ ಪಾಪವು ಘೋರ, ಇನ್ನೊಬ್ಬನ ಬದುಕು ನಿರಪಾಯ. ಇಬ್ಬರಲ್ಲಿಯೂ ಸಮಾನವಾದುದು ಕಾಲದ ನಿಧಾನ.

ಈ ನಿಧಾನದ ಬೆಲೆಯನ್ನು ಯಾರು ತೆತ್ತರೆಂಬುದನ್ನೂ ಮರೆಯಬಾರದು. ನ್ಯೂಟನ್ನನ ಆತ್ಮವು ಪಕ್ವವಾಗುತ್ತಿದ್ದ ನಾಲ್ವತ್ತು ವರ್ಷಗಳಲ್ಲಿ ಲಕ್ಷಾಂತರ ಜನರು ಸಂಕೋಲೆಯಲ್ಲಿ ಸಾಗರ ದಾಟಿದರು. ಅವರಿಗೆ ಅವನ ಪಶ್ಚಾತ್ತಾಪದಿಂದ ಏನೂ ಆಗಲಿಲ್ಲ. ಆದುದರಿಂದ ಪ್ರಾರ್ಥಿಸುವವನು ‘ಕಾಲ ಬಂದಾಗ ನಾನು ಬದಲಾಗುವೆನು’ ಎಂದು ಕೈಕಟ್ಟಿ ಕುಳಿತಿರುವಂತಿಲ್ಲ. ಕ್ರೈಸ್ತರ ಶಾಸ್ತ್ರವೇ ಇದಕ್ಕೆ ಎಡೆಗೊಡುವುದಿಲ್ಲ. ರಕ್ತ ಹತ್ತಿದ ಕೈಗಳನ್ನು ಎತ್ತಿ ಎಷ್ಟು ಪ್ರಾರ್ಥಿಸಿದರೂ ದೇವರು ಕೇಳುವುದಿಲ್ಲವೆಂದು ಯೆಶಾಯನೆಂಬ ಪ್ರವಾದಿ ಗರ್ಜಿಸಿದ್ದಾನೆ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ವೇದಿಕೆಯ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನ ಮಾಡಿಕೋ ಎಂದು ಯೇಸುವು ಬೋಧಿಸಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಪ್ರಾರ್ಥನೆಯನ್ನು ನಡುವೆ ನಿಲ್ಲಿಸಿ ಎದ್ದುಹೋಗಬೇಕಾದ ಸಂದರ್ಭವೂ ಉಂಟೆಂದೂ, ಹಾಗೆ ಎದ್ದುಹೋಗುವಂತೆ ಮಾಡುವುದೇ ಪ್ರಾರ್ಥನೆಯ ಫಲವೆಂದೂ ಇದರಿಂದ ತಿಳಿಯಬೇಕು.

ಇಷ್ಟರಿಂದ ಹೊರಡುವ ನಿರ್ಣಯವನ್ನು ಹೀಗೆ ಹೇಳಬಹುದು. ನಿಯತವಾದ ಪ್ರಾರ್ಥನೆಯಿಂದ ಕ್ರೈಸ್ತ ಭಕ್ತನಲ್ಲಿ ಬದಲಾಗತಕ್ಕವು ಮೂರು. ಮೊದಲನೆಯದು ಅವನ ಬೇಡಿಕೆ: ಹತ್ತು ವರ್ಷಗಳ ಹಿಂದೆ ಬೇಡುತ್ತಿದ್ದುದನ್ನೇ ಇಂದೂ ಬೇಡುತ್ತಿದ್ದರೆ ಅವನು ಎಲ್ಲಿಯೋ ನಿಂತುಬಿಟ್ಟಿದ್ದಾನೆ. ಎರಡನೆಯದು ಅವನ ಲೆಕ್ಕ: ಸಾಮಾನ್ಯವಾಗಿ ‘ನಾನು ಪಾಪಿ’ ಎನ್ನುವುದು ಸುಲಭ, ಇಂಥವರಿಗೆ ಇಂಥದನ್ನು ಮಾಡಿದೆನೆಂದು ಹೆಸರಿಟ್ಟು ಹೇಳುವುದು ಕಷ್ಟ, ಪ್ರಾರ್ಥನೆಯು ಮೊದಲನೆಯದರಿಂದ ಎರಡನೆಯದಕ್ಕೆ ಕೊಂಡೊಯ್ಯಬೇಕು. ಮೂರನೆಯದು ‘ನಮ್ಮ’ ಎಂಬ ಪದದ ಅರ್ಥ. ನ್ಯೂಟನ್ನನಿಗೆ ಮೊದಲು ಅದರ ಅರ್ಥ ತನ್ನ ಹಡಗಿನ ನಾವಿಕರು. ಬಳಿಕ ಓಲ್ನಿಯ ಬಡವರು. ಅನಂತರ ಚಿತ್ತ ಕಲಕಿದ ಮಿತ್ರ. ಕೊನೆಗೆ, ಬಹಳ ತಡವಾಗಿ, ಹಲಗೆಯ ಕೆಳಗಿದ್ದವರು. ಪದವು ಮೊದಲಿನಿಂದಲೂ ಅದೇ. ಪ್ರತಿದಿನ ಅದನ್ನು ಉಚ್ಚರಿಸುತ್ತಿದ್ದವನೂ ಅವನೇ. ಅದರೊಳಗೆ ಸೇರಬೇಕಾದವರು ಇನ್ನೂ ಯಾರು ಹೊರಗುಳಿದಿದ್ದಾರೆಂದು, ಪ್ರಾರ್ಥನೆ ಮುಗಿಸಿ ಏಳುವ ಮುನ್ನ ಒಂದು ಕ್ಷಣ ನೋಡಿಕೊಳ್ಳುವುದು ಯಾವ ಮತದ ಭಕ್ತನಿಗಾದರೂ ಭೂಷಣವೇ ಸರಿ.